ಹ್ಯಾಟಿ ಮೆಕ್‌ಡ್ಯಾನಿಯಲ್‌ಗೆ ಸಿಕ್ಕ ಆಸ್ಕರ್ ಮತ್ತು ಹಳೇ ಸಿನಿಮಾಗಳ ಮೇಲಿನ ಜಗಳ

2020ರ ಜೂನ್‌ನಲ್ಲಿ ಅಮೆರಿಕದ ಆನ್‌ಲೈನ್ ಸಿನಿಮಾ ಸೇವೆ ಎಚ್‌ಬಿಒ ಮ್ಯಾಕ್ಸ್ ‘ಗಾನ್ ವಿತ್ ದ ವಿಂಡ್’ ಸಿನಿಮಾವನ್ನು ತನ್ನ ಪಟ್ಟಿಯಿಂದ ತೆಗೆಯಿತು. 1939ರ ಸಿನಿಮಾ ಅದು. ಕಪ್ಪು ಜನರನ್ನು ಅದರಲ್ಲಿ ತೋರಿಸಿದ ರೀತಿ ಸರಿಯಿಲ್ಲ ಅನ್ನೋದು ಕಾರಣ. ಮೂರು ವರ್ಷ ಕಳೆಯಿತು. 2023ರ ಅಕ್ಟೋಬರ್‌ನಲ್ಲಿ, ಅದೇ ಸಿನಿಮಾದಲ್ಲಿ ಮನೆಗೆಲಸದ ಹೆಂಗಸಿನ ಪಾತ್ರ ಮಾಡಿದ್ದ ಹ್ಯಾಟಿ ಮೆಕ್‌ಡ್ಯಾನಿಯಲ್ ಅವರ ಕಳೆದುಹೋದ ಆಸ್ಕರ್‌ಗೆ ಬದಲಾಗಿ ಹೊಸದೊಂದನ್ನು ಅಕಾಡೆಮಿಯವರು ಕಪ್ಪು ಜನರ ಶಿಕ್ಷಣಕ್ಕೆ ಹೆಸರಾದ ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಸಮಾರಂಭ ಮಾಡಿ ಒಪ್ಪಿಸಿದರು.

ಎರಡೂ ಸುದ್ದಿ ಒಟ್ಟಿಗೆ ಓದಿದರೆ ಗೊಂದಲ ಆಗೋದು ಸಹಜ. ಪಾತ್ರ ಅವಮಾನದ್ದು ಅಂತಾದರೆ ಅದಕ್ಕೆ ಕೊಟ್ಟ ಪ್ರಶಸ್ತಿಯನ್ನು ಮತ್ತೆ ಮಾಡಿಸಿ ಕೊಡೋದು ಏಕೆ? ಪ್ರಶಸ್ತಿ ಹೆಮ್ಮೆಯದ್ದಾದರೆ ಸಿನಿಮಾ ಬಗ್ಗೆ ಇಷ್ಟು ತಕರಾರು ಏಕೆ?

ಇಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಬರೆದ ಪಾತ್ರಕ್ಕೆ ಮರ್ಯಾದೆ ಇತ್ತಾ ಅನ್ನೋದು ಒಂದು. ಅದನ್ನು ಮಾಡಿದ ಮನುಷ್ಯರಿಗೆ ಮರ್ಯಾದೆ ಇತ್ತಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಲೆಕ್ಕ ಕೊಡಬೇಕಾದವರು ಬರೆದವರು, ದುಡ್ಡು ಹಾಕಿದವರು, ಥಿಯೇಟರ್ ನಡೆಸಿದವರು. ಆದರೆ ಎಂಬತ್ತು ವರ್ಷಗಳಿಂದ ಈ ಲೆಕ್ಕವನ್ನು ಹೆಚ್ಚಾಗಿ ಕೇಳಿದ್ದು ನಟನಟಿಯರನ್ನು, ಅಂದರೆ ಸೆಟ್ಟಿನಲ್ಲಿ ಎಲ್ಲರಿಗಿಂತ ಕಡಿಮೆ ಅಧಿಕಾರ ಇದ್ದವರನ್ನು.

2020ರಲ್ಲಿ ನಿಜಕ್ಕೂ ಆಗಿದ್ದೇನು

ಆ ವರ್ಷ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತರು. ಅಮೆರಿಕದ ಊರೂರಲ್ಲಿ ಪ್ರತಿಭಟನೆ ಶುರುವಾಯಿತು. ಅದರ ನಡುವೆ, ಜೂನ್ 8ರಂದು, ಜಾನ್ ರಿಡ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ನಲ್ಲಿ ಒಂದು ಲೇಖನ ಬರೆದರು. ‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’ ಚಿತ್ರಕಥೆಗೆ ಆಸ್ಕರ್ ಪಡೆದವರು ಇವರು. ಗುಲಾಮಗಿರಿಯ ಕಾಲವನ್ನು ಚಂದ ಮಾಡಿ ತೋರಿಸುವ ಸಿನಿಮಾ ಇದು, ಸದ್ಯಕ್ಕೆ ತೆಗೆದಿಡಿ, ಆಮೇಲೆ ಅದರ ಹಿನ್ನೆಲೆ ಹೇಳುವ ಬೇರೆ ಕೆಲಸಗಳ ಜೊತೆ ತನ್ನಿ ಅನ್ನೋದು ಅವರ ಕೋರಿಕೆ. ಶಾಶ್ವತವಾಗಿ ಮುಚ್ಚಿಬಿಡಿ ಅಂತ ಅವರು ಕೇಳಿರಲಿಲ್ಲ.

ಮಾರನೇ ದಿನವೇ ಸಿನಿಮಾ ಕಾಣೆಯಾಯಿತು. ಜೂನ್ 24ಕ್ಕೆ ವಾಪಸ್ ಬಂತು. ಒಂದು ದೃಶ್ಯವನ್ನೂ ಕತ್ತರಿಸಿರಲಿಲ್ಲ. ಮುಂದೆ ನಾಲ್ಕು ನಿಮಿಷಕ್ಕೂ ಸ್ವಲ್ಪ ಜಾಸ್ತಿ ಇರುವ ಒಂದು ಪರಿಚಯ ಸೇರಿಸಿದ್ದರು, ಅಷ್ಟೇ. ಅದರಲ್ಲಿ ಮಾತಾಡಿದವರು ಶಿಕಾಗೋ ವಿಶ್ವವಿದ್ಯಾಲಯದ ಸಿನಿಮಾ ಪ್ರಾಧ್ಯಾಪಕಿ ಜಾಕ್ವೆಲಿನ್ ಸ್ಟೀವರ್ಟ್. ಈ ಎರಡು ವಾರದಲ್ಲಿ ಅಮೆಜಾನ್‌ನಲ್ಲಿ ಈ ಸಿನಿಮಾ ಮಾರಾಟದಲ್ಲಿ ಮೊದಲ ಸ್ಥಾನಕ್ಕೆ ಹೋಗಿತ್ತು.

ಆದರೆ ಎಲ್ಲ ಕಡೆ ಹರಡಿದ್ದು ಅದರ ಮೊದಲ ಅರ್ಧ ಮಾತ್ರ. ‘ಹಳೇ ಸಿನಿಮಾ ಬ್ಯಾನ್ ಮಾಡಿದರಂತೆ’ ಅನ್ನುವುದು ಉಳಿಯಿತು, ಪೂರ್ತಿಯಾಗಿ ವಾಪಸ್ ಬಂದದ್ದು ಯಾರ ಕಿವಿಗೂ ಬೀಳಲಿಲ್ಲ. ಆಮೇಲೆ ಇಂಥ ಸುದ್ದಿ ಬಂದಾಗೆಲ್ಲ ಜನ ಅದೇ ಅರ್ಧ ಸುದ್ದಿಯ ಮೇಲೆ ನಿಂತು ವಾದ ಮಾಡುತ್ತಾರೆ.

ಆ ಪಾತ್ರದಲ್ಲಿ ಏನಿದೆ, ಏನಿಲ್ಲ

ಕಥೆ ಜಾರ್ಜಿಯಾ ರಾಜ್ಯದ ಹತ್ತಿ ಎಸ್ಟೇಟೊಂದರದ್ದು. 1861ರಲ್ಲಿ ಅಂತರ್ಯುದ್ಧ ಶುರುವಾಗುವ ಹೊತ್ತು. ಒಡೆಯರ ಮಗಳು ಸ್ಕಾರ್ಲೆಟ್. ಅವಳನ್ನು ಎತ್ತಿ ಆಡಿಸಿ ಬೆಳೆಸಿದ ಗುಲಾಮ ಹೆಂಗಸೇ ಮ್ಯಾಮಿ. ಸಿನಿಮಾ ಶುರುವಾಗೋದೇ, ಒಡೆಯರೂ ಗುಲಾಮರೂ ಇದ್ದ ಆ ಸೊಗಸಾದ ಲೋಕ ಗಾಳಿಗೆ ಹಾರಿಹೋಯಿತಲ್ಲ ಎಂಬ ಕೊರಗಿನ ಸಾಲುಗಳಿಂದ.

ಮೊದಲ ಭಾಗದಲ್ಲಿ ಒಂದು ದೃಶ್ಯ ಇದೆ. ಸ್ಕಾರ್ಲೆಟ್ ಔತಣಕ್ಕೆ ಹೊರಟಿದ್ದಾಳೆ. ಮಂಚದ ಕಂಬ ಹಿಡಿದು ನಿಂತಿದ್ದಾಳೆ, ಮ್ಯಾಮಿ ಹಿಂದಿನಿಂದ ಅವಳ ಸೊಂಟದ ಲಾಡಿ ಬಿಗಿಯುತ್ತಿದ್ದಾಳೆ. ಹೊರಡುವ ಮುಂಚೆ ಮನೆಯಲ್ಲೇ ಉಣ್ಣಬೇಕು, ಹೋದಲ್ಲಿ ಹಕ್ಕಿಯಂತೆ ಕುಕ್ಕಬೇಕು, ಆಗಲೇ ಮನೆತನದ ಹೆಣ್ಣು ಅನ್ನಿಸಿಕೊಳ್ಳೋದು ಅಂತ ಗದರುತ್ತಾಳೆ. ಹುಡುಗಿ ಒಲ್ಲೆ ಅಂತಾಳೆ. ಕೊನೆಗೆ ಮ್ಯಾಮಿಯೇ ಗೆಲ್ಲುತ್ತಾಳೆ. ಗುಲಾಮಳು ಒಡತಿಗೆ ಆಜ್ಞೆ ಮಾಡುವ ದೃಶ್ಯ. ಮೆಕ್‌ಡ್ಯಾನಿಯಲ್ ಕಣ್ಣಲ್ಲಿ, ಸೊಂಟಕ್ಕೆ ಕೈಯಿಟ್ಟ ನಿಲುವಿನಲ್ಲಿ, ಮನೆಯ ಯಜಮಾನಿಯೇ ಅವಳು ಅನ್ನಿಸುವಂತೆ ಮಾಡುತ್ತಾರೆ. ಕೊನೆಯ ಭಾಗದಲ್ಲಿ ಸ್ಕಾರ್ಲೆಟ್‌ಳ ಪುಟ್ಟ ಮಗಳು ಕುದುರೆಯಿಂದ ಬಿದ್ದು ಸಾಯುತ್ತಾಳೆ. ಮ್ಯಾಮಿ ಮೆಟ್ಟಿಲು ಹತ್ತುತ್ತಾ, ಮಗುವಿಗೆ ಕತ್ತಲೆ ಅಂದರೆ ಭಯ, ಹಾಗಾಗಿ ಅಪ್ಪ ಹೂಳಲು ಬಿಡುತ್ತಿಲ್ಲ ಅಂತ ಅಳುತ್ತಾ ಹೇಳುತ್ತಾಳೆ. ಆಸ್ಕರ್ ತಂದುಕೊಟ್ಟ ದೃಶ್ಯ ಇದು ಅಂತ ಬಹಳ ಜನ ಹೇಳುತ್ತಾರೆ. ನೋಡಿದವರು ಅದನ್ನು ಒಪ್ಪದೆ ಇರೋದು ಕಷ್ಟ.

ಈಗ ಏನಿಲ್ಲ ಅನ್ನೋದನ್ನು ನೋಡಿ. ನಾಲ್ಕು ಗಂಟೆಗೆ ಹತ್ತಿರ ಇರುವ ಸಿನಿಮಾದಲ್ಲಿ ಈ ಹೆಂಗಸಿನ ಸ್ವಂತ ಹೆಸರು ಯಾರಿಗೂ ಗೊತ್ತಾಗಲ್ಲ. ಮ್ಯಾಮಿ ಅನ್ನೋದು ಬಿಳಿಯರ ಮಕ್ಕಳನ್ನು ಸಾಕುವ ಕಪ್ಪು ಹೆಂಗಸರನ್ನು ಕರೆಯುತ್ತಿದ್ದ ಮಾತು, ಹೆಸರಲ್ಲ. ಗಂಡ ಇದ್ದನೋ, ಮಕ್ಕಳನ್ನು ಹೆತ್ತಳೋ, ಹೆತ್ತಿದ್ದರೆ ಅವರನ್ನು ಯಾರಿಗಾದರೂ ಮಾರಿದರೋ, ಅದೂ ಗೊತ್ತಿಲ್ಲ. ಯುದ್ಧ ಮುಗಿದು ಗುಲಾಮರಿಗೆ ಬಿಡುಗಡೆ ಆಗುತ್ತದೆ. ಅವಳು ಮಾತ್ರ ಅದೇ ಮನೆಯಲ್ಲಿ ಅದೇ ಕೆಲಸ ಮಾಡುತ್ತಿರುತ್ತಾಳೆ. ಏಕೆ ಹೋಗಲಿಲ್ಲ ಎಂದು ಸಿನಿಮಾ ಕೇಳುವುದೇ ಇಲ್ಲ, ಹೋಗಬೇಕು ಅಂತ ಅವಳಿಗೆ ಅನ್ನಿಸಬಹುದು ಎಂಬ ಯೋಚನೆಯೂ ಅದಕ್ಕಿಲ್ಲ.

ಪಡಿಯಚ್ಚು ಪಾತ್ರ ಅನ್ನೋದು ಇದನ್ನೇ. ಕೆಟ್ಟ ನಟನೆ ಅಂತಲ್ಲ, ಬೈಗುಳ ಅಂತಲೂ ಅಲ್ಲ. ಮ್ಯಾಮಿ ಒಳ್ಳೆಯವಳು, ಜಾಣೆ, ಪ್ರೇಕ್ಷಕರಿಗೆ ಪ್ರೀತಿಪಾತ್ರಳು. ತೊಂದರೆ ಇರೋದೂ ಅಲ್ಲೇ. ಅವಳ ಪ್ರೀತಿ, ಬುದ್ಧಿ, ಕಣ್ಣೀರು ಎಲ್ಲ ಒಡೆಯರ ಮನೆಗಾಗಿಯೇ ಮೀಸಲು. ಇದನ್ನು ನೋಡಿದ ಕೋಟಿಗಟ್ಟಲೆ ಜನರಿಗೆ, ಗುಲಾಮರು ಸುಖವಾಗಿಯೇ ಇದ್ದರಲ್ವಾ, ಮನೆಯವರಂತೆಯೇ ನೋಡಿಕೊಳ್ಳುತ್ತಿದ್ದರಲ್ವಾ ಅನ್ನಿಸುತ್ತದೆ. ಹಣದುಬ್ಬರದ ಲೆಕ್ಕ ಹಾಕಿದರೆ ಇವತ್ತಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಗಳಿಸಿದ್ದು ಈ ಸಿನಿಮಾವೇ. ಅಷ್ಟು ಜನರ ತಲೆಯಲ್ಲಿ ಇತಿಹಾಸ ಅಂದರೆ ಇದು ಎಂದು ಕೂತುಬಿಟ್ಟಿತು.

ಗೋಡೆ ಪಕ್ಕದ ಮೇಜು

ಪ್ರಶಸ್ತಿ ಕೊಟ್ಟದ್ದು 1940ರ ಫೆಬ್ರವರಿ 29ರ ರಾತ್ರಿ, ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲ್‌ನಲ್ಲಿ. ಆ ಹೋಟೆಲ್ ಕಪ್ಪು ಜನರನ್ನು ಒಳಗೆ ಬಿಡುತ್ತಿರಲಿಲ್ಲ. ನಿರ್ಮಾಪಕ ಡೇವಿಡ್ ಸೆಲ್ಜ್ನಿಕ್ ವಿಶೇಷವಾಗಿ ಕೇಳಿಕೊಂಡ ಮೇಲೆ ಮೆಕ್‌ಡ್ಯಾನಿಯಲ್‌ಗೆ ಪ್ರವೇಶ ಸಿಕ್ಕಿತು. ಚಿತ್ರತಂಡದ ಉಳಿದವರು ಒಂದು ಕಡೆ ಕೂತಿದ್ದರು. ಇವರಿಗೆ ದೂರದ ಗೋಡೆ ಪಕ್ಕ ಬೇರೆ ಮೇಜು. ಹೆಸರು ಕೂಗಿದಾಗ ಅಲ್ಲಿಂದ ಎದ್ದು ವೇದಿಕೆಗೆ ನಡೆದುಬಂದರು. ನನ್ನ ಜನಾಂಗಕ್ಕೂ ಚಿತ್ರರಂಗಕ್ಕೂ ಸದಾ ಒಳ್ಳೆಯ ಹೆಸರು ತರುವವಳಾಗಿರಲಿ ಅನ್ನೋದು ನನ್ನ ಆಸೆ ಎಂಬ ಅರ್ಥದ ಮಾತಾಡಿ, ಅಳುತ್ತಾ ಕೆಳಗಿಳಿದರು. ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ ಅವರು.

ಇದಕ್ಕೆ ಎರಡು ತಿಂಗಳ ಮುಂಚೆ, ಡಿಸೆಂಬರ್ 15ರಂದು, ಅಟ್ಲಾಂಟಾದಲ್ಲಿ ಸಿನಿಮಾದ ಮೊದಲ ಪ್ರದರ್ಶನ ಆಗಿತ್ತು. ಜಾರ್ಜಿಯಾದಲ್ಲಿ ಬಿಳಿಯರು, ಕಪ್ಪು ಜನ ಒಂದೇ ಥಿಯೇಟರ್‌ನಲ್ಲಿ ಒಟ್ಟಿಗೆ ಕೂರುವಂತಿರಲಿಲ್ಲ. ಹಾಗಾಗಿ ಚಿತ್ರದ ಕಪ್ಪು ನಟನಟಿಯರು ಯಾರೂ ಅಲ್ಲಿಗೆ ಹೋಗಲಿಲ್ಲ. ಅದರ ಹಿಂದಿನ ರಾತ್ರಿ ನಡೆದ ಔತಣಕೂಟದಲ್ಲಿ ಎಸ್ಟೇಟ್ ಮನೆಯ ಸೆಟ್ ಹಾಕಿ, ಅದರ ಮುಂದೆ ಕಪ್ಪು ಜನರ ಚರ್ಚೊಂದರ ಹಾಡುಗಾರರ ತಂಡಕ್ಕೆ ಗುಲಾಮರ ಉಡುಪು ತೊಡಿಸಿ ಹಾಡಿಸಿದ್ದರು. ಆ ತಂಡದಲ್ಲಿ ಹತ್ತು ವರ್ಷದ ಹುಡುಗನೊಬ್ಬನಿದ್ದ, ಹೆಸರು ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್.

‘ಆ ಕಾಲವೇ ಹಾಗಿತ್ತು’ ಅನ್ನೋ ವಾದ

ಹಳೇ ಸಿನಿಮಾಗಳ ಪರ ಮಾತಾಡುವವರ ಬಾಯಲ್ಲಿ ಹೆಚ್ಚು ಕೇಳುವ ಮಾತು ಇದು. ಆಗ ಎಲ್ಲರೂ ಹಾಗೇ ಯೋಚಿಸುತ್ತಿದ್ದರು, ಇವತ್ತಿನ ಕಣ್ಣಲ್ಲಿ ಅಳೆಯೋದು ತಪ್ಪು ಅಂತ. ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ‘ಎಲ್ಲರೂ’ ಅನ್ನುವಾಗ ಲೆಕ್ಕಕ್ಕೆ ಬಂದವರು ಬಿಳಿಯರು ಮಾತ್ರ.

ಏಕೆಂದರೆ ಸಿನಿಮಾ ತಯಾರಾಗುವಾಗಲೇ ಕಪ್ಪು ಜನರ ಪತ್ರಿಕೆಗಳು ಜೋರಾಗಿ ತಕರಾರು ಎತ್ತಿದ್ದವು. ಅವರ ಒತ್ತಡದಿಂದಲೇ ಕಪ್ಪು ಜನರನ್ನು ಹಳಿಯುವ ಅತಿ ಕೆಟ್ಟ ಬೈಗುಳ ಚಿತ್ರಕಥೆಯಿಂದ ಹೊರಗೆ ಹೋಯಿತು. ಕಪ್ಪು ಜನರ ಹಕ್ಕುಗಳ ಸಂಸ್ಥೆ ಎನ್‌ಎಎಸಿಪಿಯ ವಾಲ್ಟರ್ ವೈಟ್, ಒಬ್ಬ ಕಪ್ಪು ಸಲಹೆಗಾರರನ್ನಾದರೂ ಇಟ್ಟುಕೊಳ್ಳಿ ಎಂದು ಸೆಲ್ಜ್ನಿಕ್‌ರನ್ನು ಕೇಳಿದ್ದರು. ಕೊನೆಗೆ ಇಟ್ಟುಕೊಂಡ ಇಬ್ಬರು ಸಲಹೆಗಾರರೂ ಬಿಳಿಯರೇ. ಬಿಡುಗಡೆಯಾದ ಮೇಲೆ ಹಲವು ಊರುಗಳಲ್ಲಿ ಥಿಯೇಟರ್ ಮುಂದೆ ಫಲಕ ಹಿಡಿದು ಜನ ನಿಂತರು. ಕಾರ್ಲ್‌ಟನ್ ಮಾಸ್ ಎಂಬ ಕಪ್ಪು ನಾಟಕಕಾರ ಸೆಲ್ಜ್ನಿಕ್‌ಗೆ ಬಹಿರಂಗ ಪತ್ರ ಬರೆದು ಒಂದೊಂದೇ ಪಾತ್ರವನ್ನು ಹೆಸರಿಟ್ಟು ಪ್ರಶ್ನಿಸಿದರು.

ಅಂದರೆ 2020ರ ಟೀಕೆ ಹೊಸತಲ್ಲ. 1939ರಲ್ಲೇ ಹೇಳಿದ್ದನ್ನು ಕೇಳಿಸಿಕೊಳ್ಳಲು ದೊಡ್ಡ ಕಂಪನಿಯೊಂದಕ್ಕೆ ಅಷ್ಟು ವರ್ಷ ಹಿಡಿಯಿತು. ಈ ಒಂದು ವಿಷಯ ಗೊತ್ತಾದರೆ ‘ಇವತ್ತಿನವರ ಸೂಕ್ಷ್ಮತೆ ಅತಿಯಾಯಿತು’ ಅನ್ನೋ ಮಾತಿಗೆ ಹೆಚ್ಚು ಬಲ ಉಳಿಯಲ್ಲ.

ಕಪ್ಪು ಜನರ ನಡುವೆಯೇ ಇದ್ದ ಜಗಳ

ಇಲ್ಲಿಂದ ವಿಷಯ ಜಟಿಲ ಆಗುತ್ತದೆ, ನಿಧಾನವಾಗಿ ನೋಡಬೇಕು.

1942ರಲ್ಲಿ ವಾಲ್ಟರ್ ವೈಟ್ ಹಾಲಿವುಡ್‌ಗೆ ಬಂದು ಸ್ಟುಡಿಯೊ ಮಾಲೀಕರ ಜೊತೆ ಮಾತುಕತೆ ನಡೆಸಿದರು. ಆಳುಕಾಳುಗಳ, ಕೋಡಂಗಿಗಳ ಪಾತ್ರ ಸಾಕು, ಕಪ್ಪು ಜನರನ್ನು ಸಾಮಾನ್ಯ ಮನುಷ್ಯರಂತೆ ತೋರಿಸಿ ಅನ್ನೋದು ಬೇಡಿಕೆ. ಅದೇ ವರ್ಷ ಹಾಡುಗಾರ್ತಿ ಲೀನಾ ಹಾರ್ನ್ ಎಂಜಿಎಂ ಜೊತೆ ಕರಾರು ಮಾಡಿಕೊಂಡರು. ಮಗಳು ಮನೆಗೆಲಸದವಳ ಪಾತ್ರ ಮಾಡಲ್ಲ ಅಂತ ಅವರ ತಂದೆ ಸ್ಟುಡಿಯೊದ ಮುಖ್ಯಸ್ಥರ ಮುಖಕ್ಕೇ ಹೇಳಿದ್ದರು. ಇದೆಲ್ಲ ಒಳ್ಳೆಯದೇ. ಆದರೆ ಅಷ್ಟರವರೆಗೆ ಅಂಥ ಪಾತ್ರ ಮಾಡಿಯೇ ಹೊಟ್ಟೆ ಹೊರೆದ ನಟನಟಿಯರಿಗೆ ಕಾಲ ಕೆಳಗಿನ ನೆಲ ಕುಸಿದಂತಾಯಿತು. ನಮ್ಮನ್ನು ಒಂದು ಮಾತೂ ಕೇಳದೆ ನಮ್ಮ ಕೆಲಸದ ಬಗ್ಗೆ ತೀರ್ಮಾನ ಮಾಡಲು ನೀವು ಯಾರು ಅಂತ ಅವರು ವೈಟ್ ಮೇಲೆ ಸಿಟ್ಟಾದರು. ಅವರಲ್ಲಿ ಮೆಕ್‌ಡ್ಯಾನಿಯಲ್ ಮುಂಚೂಣಿಯಲ್ಲಿದ್ದರು.

ಅವರ ಕಡೆಯಿಂದಲೂ ನೋಡಬೇಕು. ಅವರ ತಂದೆ ತಾಯಿ ಇಬ್ಬರೂ ಹುಟ್ಟಿನಿಂದ ಗುಲಾಮರಾಗಿದ್ದವರು. 1929ರಲ್ಲಿ ಷೇರುಪೇಟೆ ಕುಸಿದು ಹಾಡುವ ಕೆಲಸ ನಿಂತಾಗ ಅವರು ಮಿಲ್ವಾಕಿಯ ಕ್ಲಬ್ಬೊಂದರ ಶೌಚಾಲಯ ನೋಡಿಕೊಳ್ಳುವ ಕೆಲಸ ಮಾಡಿದ್ದರು. ಹಾಲಿವುಡ್‌ಗೆ ಬಂದ ಮೇಲೂ ಸಿನಿಮಾ ಇಲ್ಲದಿದ್ದಾಗ ಬೇರೆಯವರ ಮನೆಗೆಲಸಕ್ಕೆ ಹೋದವರು. ವಾರಕ್ಕೆ 7 ಡಾಲರ್‌ಗೆ ಕೆಲಸದವಳಾಗಿ ಇರುವುದಕ್ಕಿಂತ 700 ಡಾಲರ್‌ಗೆ ಕೆಲಸದವಳ ಪಾತ್ರ ಮಾಡೋದು ಮೇಲು ಎಂಬ ಮಾತು ಅವರ ಹೆಸರಲ್ಲಿ ಪ್ರಸಿದ್ಧವಾಗಿದೆ. ಅದನ್ನು ದುಡ್ಡಿನಾಸೆ ಅಂತ ಓದಿದರೆ ತಪ್ಪು. ಇದ್ದ ಎರಡೇ ದಾರಿ ಯಾವುದು ಅಂತ ಅದು ನೇರವಾಗಿ ಹೇಳುತ್ತದೆ.

ಅದೇ ಸಿನಿಮಾದಲ್ಲಿ ಪ್ರಿಸ್ಸಿ ಎಂಬ ಪೆದ್ದು ಹುಡುಗಿಯ ಪಾತ್ರ ಮಾಡಿದ ಬಟರ್‌ಫ್ಲೈ ಮೆಕ್ವೀನ್ ಬೇರೆ ದಾರಿ ಹಿಡಿದರು. ಕೆನ್ನೆಗೆ ಹೊಡೆಯುವ ದೃಶ್ಯದಲ್ಲಿ ನಿಜವಾಗಿ ಏಟು ಬೀಳಬಾರದು ಎಂದು ಹಟ ಹಿಡಿದರು. ಕಲ್ಲಂಗಡಿ ತಿನ್ನುತ್ತಾ ಕೂರುವ ದೃಶ್ಯ ಮಾಡಲ್ಲ ಅಂದರು, ಏಕೆಂದರೆ ಕಪ್ಪು ಜನರನ್ನು ಆಡಿಕೊಳ್ಳಲು ಅಮೆರಿಕದಲ್ಲಿ ಬಳಸುತ್ತಿದ್ದ ಚಿತ್ರವೇ ಅದು. ಮುಂದೆ ಮತ್ತೆ ಮತ್ತೆ ಅದೇ ಥರದ ಪಾತ್ರ ಬಂದಾಗ ಬೇಸತ್ತು ಸಿನಿಮಾದಿಂದ ದೂರವಾದರು, ಸಿಕ್ಕ ಸಣ್ಣಪುಟ್ಟ ಕೆಲಸ ಮಾಡಿದರು. 1975ರಲ್ಲಿ, 64ನೇ ವಯಸ್ಸಿನಲ್ಲಿ, ನ್ಯೂಯಾರ್ಕ್‌ನ ಸಿಟಿ ಕಾಲೇಜಿನಿಂದ ರಾಜ್ಯಶಾಸ್ತ್ರದಲ್ಲಿ ಪದವಿ ಪಡೆದರು.

ಯಾರು ಸರಿ? ಈ ಪ್ರಶ್ನೆಯೇ ಸರಿಯಿಲ್ಲ. ಒಬ್ಬರು ಒಳಗಿದ್ದು ಸಿಕ್ಕಷ್ಟು ಜಾಗದಲ್ಲಿ ಮಾನ ಉಳಿಸಿಕೊಂಡರು, ಇನ್ನೊಬ್ಬರು ಹೊರಗೆ ಬಂದು ಉಳಿಸಿಕೊಂಡರು. ಪರದೆಯ ಮೇಲೆ ವಿಧೇಯ ಮ್ಯಾಮಿಯಾಗಿದ್ದ ಮೆಕ್‌ಡ್ಯಾನಿಯಲ್, ಲಾಸ್ ಏಂಜಲೀಸ್‌ನ ಶುಗರ್ ಹಿಲ್ ಬಡಾವಣೆಯಲ್ಲಿ ಕೊಂಡ ಮನೆಯಿಂದ ತನ್ನನ್ನು ಹೊರಹಾಕಲು ಬಿಳಿ ನೆರೆಹೊರೆಯವರು ಕೋರ್ಟಿಗೆ ಹೋದಾಗ, ಉಳಿದ ಕಪ್ಪು ಮನೆಮಾಲೀಕರನ್ನು ಒಟ್ಟುಗೂಡಿಸಿ ಎದುರಿಸಿ ನಿಂತರು. 1945ರ ಡಿಸೆಂಬರ್‌ನಲ್ಲಿ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಕಪ್ಪು ಜನರಿಗೆ ಮನೆ ಮಾರಬಾರದೆನ್ನುವಂಥ ಕರಾರುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು ಅದಾದ ಮೇಲೆ, 1948ರಲ್ಲಿ.

ಒಂದೇ ಬಾಗಿಲು ಏಕೆ ಇತ್ತು

ಸ್ಟುಡಿಯೊಗಳು ಬೇರೆ ಪಾತ್ರ ಏಕೆ ಕೊಡಲಿಲ್ಲ? ಮನಸ್ಸಿನ ದ್ವೇಷ ಒಂದು ಭಾಗ ಇರಬಹುದು, ಆದರೆ ವ್ಯವಹಾರದ ಲೆಕ್ಕವೂ ಇತ್ತು. ದಕ್ಷಿಣದ ರಾಜ್ಯಗಳ ಥಿಯೇಟರ್ ಮಾಲೀಕರು ಮತ್ತು ಸೆನ್ಸಾರ್ ಮಂಡಳಿಗಳು ಕಪ್ಪು ಜನರನ್ನು ಸರಿಸಮಾನವಾಗಿ ತೋರಿಸುವ ಸಿನಿಮಾ ಬೇಡ ಅನ್ನುತ್ತಿದ್ದವು. ಆ ಮಾರುಕಟ್ಟೆ ಕಳೆದುಕೊಳ್ಳಲು ಯಾರೂ ತಯಾರಿರಲಿಲ್ಲ. ಅದಕ್ಕೇ ಲೀನಾ ಹಾರ್ನ್ ಅವರ ಹಾಡುಗಳನ್ನು ಕಥೆಗೆ ಅಂಟದಂತೆ ಬಿಡಿಯಾಗಿ ಚಿತ್ರಿಸುತ್ತಿದ್ದರು. ದಕ್ಷಿಣಕ್ಕೆ ಹೋಗುವ ಪ್ರಿಂಟಿನಲ್ಲಿ ಆ ಭಾಗ ಕತ್ತರಿಸಿ ತೆಗೆದರೂ ಕಥೆ ಕೆಡುತ್ತಿರಲಿಲ್ಲ.

ಇದರ ಮೇಲೆ 1934ರಿಂದ ಬಿಗಿಯಾಗಿ ಜಾರಿಯಾದ ಹೇಸ್ ನಿಯಮಾವಳಿ, ಅಂದರೆ ಪರದೆಯ ಮೇಲೆ ಏನು ತೋರಿಸಬಹುದು, ಏನು ಕೂಡದು ಎಂದು ಹಾಲಿವುಡ್ ತಾನೇ ಹಾಕಿಕೊಂಡ ಕಟ್ಟುಪಾಡು. ಬಿಳಿಯರು ಮತ್ತು ಕಪ್ಪು ಜನರ ನಡುವಿನ ಪ್ರೇಮ, ಮದುವೆ ತೋರಿಸುವಂತಿಲ್ಲ ಅಂತ ಅದರಲ್ಲೇ ಬರೆದಿತ್ತು. ಹಾಲಿವುಡ್‌ನಲ್ಲಿ ನಾಯಕಿ ಅಂದರೆ ನಾಯಕನ ಪ್ರೇಯಸಿ, ನಾಯಕ ಬಿಳಿಯ. ಅಲ್ಲಿಗೆ ಬೇರೆ ಬಣ್ಣದ ಹೆಣ್ಣಿಗೆ ನಾಯಕಿಯಾಗುವ ದಾರಿಯೇ ಮುಚ್ಚಿತು.

ಇದರ ಏಟು ಕಪ್ಪು ಜನರಿಗೆ ಮಾತ್ರ ಬೀಳಲಿಲ್ಲ. ಚೀನೀ ಮೂಲದ ಅಮೆರಿಕನ್ ನಟಿ ಆ್ಯನಾ ಮೇ ವಾಂಗ್, ಚೀನಾದ ರೈತರ ಕಥೆಯಾದ ‘ದ ಗುಡ್ ಅರ್ತ್’ ಸಿನಿಮಾದ ನಾಯಕಿ ಆಗಬೇಕೆಂದಿದ್ದರು. ನಾಯಕನ ಪಾತ್ರಕ್ಕೆ ಬಿಳಿ ನಟ ಪಾಲ್ ಮುನಿ ಬಂದರು. ನಾಯಕಿಯ ಪಾತ್ರ ಲೂಯಿಸ್ ರೈನರ್‌ಗೆ ಹೋಯಿತು, ಅದಕ್ಕೆ ಅವರಿಗೆ ಆಸ್ಕರ್ ಕೂಡ ಬಂತು. ವಾಂಗ್‌ಗೆ ಕೊಡಲು ಬಂದದ್ದು ಸಂಸಾರ ಒಡೆಯುವ ಹೆಂಗಸಿನ ಪಾತ್ರ. ಅವರು ಮಾಡಲ್ಲ ಅಂದರು.

ಒಂದು ಮ್ಯಾಮಿ ಪಾತ್ರದಿಂದ ಇಡೀ ಜನಾಂಗಕ್ಕೆ ಕೆಟ್ಟ ಹೆಸರು ಬರಲ್ಲ. ಅದರ ಪಕ್ಕದಲ್ಲೇ ಕಪ್ಪು ಡಾಕ್ಟರ್, ಕಪ್ಪು ಮೇಷ್ಟ್ರು, ಜಗಳಗಂಟ ಅತ್ತೆ, ಸೋತ ಪ್ರೇಮಿ ಎಲ್ಲ ಇದ್ದಿದ್ದರೆ ಮ್ಯಾಮಿ ಹಲವರಲ್ಲಿ ಒಬ್ಬಳಾಗುತ್ತಿದ್ದಳು. ಬೇರೆ ಯಾರೂ ಇಲ್ಲದ್ದರಿಂದ ಅವಳೇ ಎಲ್ಲ ಕಪ್ಪು ಹೆಂಗಸರ ಪ್ರತಿನಿಧಿಯಾದಳು. ಮೆಕ್‌ಡ್ಯಾನಿಯಲ್ ನಂತರ ನಟನೆಗೆ ಆಸ್ಕರ್ ಪಡೆದ ಮುಂದಿನ ಕಪ್ಪು ಮಹಿಳೆ ವೂಪಿ ಗೋಲ್ಡ್‌ಬರ್ಗ್, 1991ರಲ್ಲಿ. ನಡುವೆ 51 ವರ್ಷ ಇದೆ.

ಪಾತ್ರ ಕೆಟ್ಟದ್ದಾದರೆ ಮಾತ್ರ ತೊಂದರೆ ಅಂತಲೂ ಇಲ್ಲ. ಸಿಡ್ನಿ ಪೊಯ್ಟಿಯರ್ 1964ರಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದ ಮೊದಲ ಕಪ್ಪು ನಟ. ವಿಧೇಯ ಆಳಿನ ಪಾತ್ರಗಳಿಂದ ದೂರ ಇದ್ದವರು. ಆದರೂ 1967ರಲ್ಲಿ ಅವರ ಮೇಲೂ ಟೀಕೆ ಬಂತು, ಈ ಸಲ ಕಾರಣ ಉಲ್ಟಾ. ಕೋಪವಿಲ್ಲದ, ಕಾಮನೆಯಿಲ್ಲದ, ಬಿಳಿಯರ ಸಮಸ್ಯೆ ಬಗೆಹರಿಸಲೆಂದೇ ಬರುವ ಸಂತನಂಥ ಮನುಷ್ಯನನ್ನೇ ಎಷ್ಟು ಸಲ ಮಾಡುತ್ತೀರಿ ಅಂತ.

ಮೈಸೂರಿನ ಸಾಬು

ಈ ಕಥೆಯಲ್ಲಿ ನಮ್ಮ ಕಡೆಯ ಒಬ್ಬ ಹುಡುಗನೂ ಇದ್ದಾನೆ. ಸಾಬು ದಸ್ತಗೀರ್, ಹುಟ್ಟಿದ್ದು 1924ರಲ್ಲಿ, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ಮಾವುತರ ಮಗ. ಮಹಾರಾಜರ ಆನೆ ಲಾಯದಲ್ಲಿದ್ದ ಇವನನ್ನು, ಮೈಸೂರಿಗೆ ಚಿತ್ರೀಕರಣಕ್ಕೆ ಬಂದಿದ್ದ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ತಂಡ ಆರಿಸಿತು. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಂತು, ಹುಡುಗ ಲಂಡನ್‌ಗೆ ಹೋದ. ಅಲ್ಲಿಂದ ‘ದ ಡ್ರಮ್’, ‘ದ ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’. ಅಂತರರಾಷ್ಟ್ರೀಯ ತಾರೆಯಾದ ಮೊದಲ ಭಾರತೀಯರಲ್ಲಿ ಒಬ್ಬ.

ಆದರೆ ಪಾತ್ರಗಳನ್ನು ಸಾಲಾಗಿ ಇಟ್ಟು ನೋಡಿ. ಆನೆ, ಕಾಡು, ಬರಿಮೈ, ತಲೆಗೊಂದು ಪೇಟ, ಬಿಳಿ ಸಾಹೇಬರಿಗೆ ನಿಷ್ಠೆ. ‘ದ ಡ್ರಮ್’ನಲ್ಲಿ ಬ್ರಿಟಿಷರ ಪರ ನಿಲ್ಲುವ ಸಣ್ಣ ರಾಜಕುಮಾರ. 1938ರಲ್ಲಿ ಬೊಂಬಾಯಿಯ ಜನ ಆ ಸಿನಿಮಾ ವಿರುದ್ಧ ಬೀದಿಗಿಳಿದಿದ್ದರು. ಇಲ್ಲೂ ‘ಆ ಕಾಲವೇ ಹಾಗಿತ್ತು’ ಅನ್ನೋ ಮಾತು ನಿಲ್ಲಲ್ಲ. ಸಾಬು ದೊಡ್ಡವರಾದರು, ಅಮೆರಿಕದ ಪೌರರಾದರು, ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗನ್ ಹಿಡಿದರು, ಶೌರ್ಯ ಪದಕ ಪಡೆದರು. ಯುದ್ಧ ಮುಗಿಸಿ ಬಂದ ಆ ಗಂಡಸಿಗೆ ಹೆಚ್ಚಾಗಿ ಸಿಕ್ಕಿದ್ದು ಮತ್ತೆ ಅದೇ ಕಾಡು, ಅದೇ ಆನೆ. 1963ರಲ್ಲಿ, 39ನೇ ವಯಸ್ಸಿಗೆ ತೀರಿಕೊಂಡರು.

ಸಾಬು ಬಗ್ಗೆ ನಮಗೆ ಹೆಮ್ಮೆ ಇದೆ, ಇರಬೇಕು ಕೂಡ. ಆ ಸಿನಿಮಾಗಳು ನಮ್ಮ ದೇಶವನ್ನು ತೋರಿಸಿದ ರೀತಿ ಬಗ್ಗೆ ಬೇಸರವೂ ಆಗುತ್ತದೆ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ನಮಗೆ ಕಷ್ಟ ಅನ್ನಿಸಲ್ಲ ಅಲ್ವಾ? ಹೊವಾರ್ಡ್‌ನಲ್ಲಿ 2023ರಲ್ಲಿ ನಡೆದದ್ದು ಅದೇ ಥರದ್ದು.

ಮುಚ್ಚಿಟ್ಟರೆ ಯಾರಿಗೆ ನಷ್ಟ

ಈಗ ಕಂಪನಿಗಳ ಮುಂದೆ ಮೂರ್ನಾಲ್ಕು ದಾರಿ ಇವೆ. ಪರಿಣಾಮ ಒಂದೊಂದರದ್ದೂ ಬೇರೆ.

ಪೂರ್ತಿ ಮುಚ್ಚಿಡೋದು ಒಂದು. ಡಿಸ್ನಿ 1946ರ ‘ಸಾಂಗ್ ಆಫ್ ದ ಸೌತ್’ ಸಿನಿಮಾವನ್ನು ಅಮೆರಿಕದಲ್ಲಿ ವಿಡಿಯೊ ರೂಪದಲ್ಲಿ ತಂದೇ ಇಲ್ಲ. ಎಚ್ಚರಿಕೆ ಹಾಕಿಯೂ ಬಿಡುಗಡೆ ಮಾಡಲ್ಲ ಅಂತ ಕಂಪನಿಯ ಮುಖ್ಯಸ್ಥರಾಗಿದ್ದ ಬಾಬ್ ಐಗರ್ 2020ರಲ್ಲಿ ಹೇಳಿದ್ದರು. ಅದರಲ್ಲಿ ಕಥೆ ಹೇಳುವ ಕಪ್ಪು ಮುದುಕ ಅಂಕಲ್ ರೀಮಸ್ ಆಗಿ ನಟಿಸಿದ ಜೇಮ್ಸ್ ಬ್ಯಾಸ್ಕೆಟ್‌ಗೆ 1948ರಲ್ಲಿ ಗೌರವ ಆಸ್ಕರ್ ಸಿಕ್ಕಿತ್ತು. ಅಟ್ಲಾಂಟಾದಲ್ಲಿ ತನ್ನದೇ ಸಿನಿಮಾದ ಮೊದಲ ಪ್ರದರ್ಶನಕ್ಕೆ ಇವರಿಗೂ ಹೋಗಲಾಗಿರಲಿಲ್ಲ. ಪ್ರಶಸ್ತಿ ಬಂದ ಕೆಲವೇ ತಿಂಗಳಿಗೆ ತೀರಿಕೊಂಡರು. ಸಿನಿಮಾ ಮುಚ್ಚಿಟ್ಟದ್ದರಿಂದ ಡಿಸ್ನಿ ಹೆಸರು ಸ್ವಚ್ಛವಾಗಿ ಉಳಿಯುತ್ತದೆ, ಬ್ಯಾಸ್ಕೆಟ್ ಮಾಡಿದ ಕೆಲಸ ಮಾತ್ರ ಯಾರ ಕಣ್ಣಿಗೂ ಬೀಳಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ತಪ್ಪು ಮಾಡಿದವರು ಒಬ್ಬರು, ಅಳಿಸಿಹೋದವರು ಇನ್ನೊಬ್ಬರು.

ಸದ್ದಿಲ್ಲದೆ ಕತ್ತರಿಸೋದು ಇನ್ನೊಂದು. ಡಿಸ್ನಿಯದೇ 1940ರ ಕಾರ್ಟೂನ್ ಸಿನಿಮಾ ‘ಫ್ಯಾಂಟೇಶಿಯಾ’ದಲ್ಲಿ ಬಿಳಿ ಕುದುರೆಕನ್ಯೆಯರ ಗೊರಸು ಉಜ್ಜುವ ಒಂದು ಕಪ್ಪು ಪಾತ್ರ ಇತ್ತು. 1960ರ ದಶಕದ ಕೊನೆಯಿಂದ ಅದು ಮಾಯ. 2023ರಲ್ಲಿ ‘ದ ಫ್ರೆಂಚ್ ಕನೆಕ್ಷನ್’ ಸಿನಿಮಾದ ಆನ್‌ಲೈನ್ ಪ್ರತಿಯಲ್ಲಿ ಪೊಲೀಸ್ ಪಾತ್ರ ಬಳಸುವ ಜನಾಂಗೀಯ ಬೈಗುಳ ಇದ್ದ ಕೆಲವು ಸೆಕೆಂಡು ಕಾಣೆಯಾಗಿದ್ದನ್ನು ನೋಡುಗರೇ ಪತ್ತೆ ಮಾಡಿದರು. ಎಲ್ಲಕ್ಕಿಂತ ಅಪಾಯದ ದಾರಿ ಇದು. ಮುಚ್ಚಿಟ್ಟ ಸಿನಿಮಾ ಇಲ್ಲ ಅಂತಾದರೂ ಗೊತ್ತಾಗುತ್ತದೆ. ಕತ್ತರಿಸಿದ್ದು ಗೊತ್ತೇ ಆಗಲ್ಲ, ಮುಂದಿನ ಪೀಳಿಗೆ ಆ ಕಾಲದ ಸಿನಿಮಾ ಹೀಗೇ ಸಭ್ಯವಾಗಿತ್ತು ಅಂತ ನಂಬುತ್ತದೆ.

ಮೂರನೆಯದು ಎಚ್ಚರಿಕೆಯ ಸಾಲು. ಡಿಸ್ನಿ ಪ್ಲಸ್ 2020ರಲ್ಲಿ ‘ಡಂಬೊ’, ‘ಪೀಟರ್ ಪ್ಯಾನ್’ ಮುಂತಾದವುಗಳ ಮುಂದೆ, ಈ ಚಿತ್ರಣಗಳು ಆಗಲೂ ತಪ್ಪು, ಈಗಲೂ ತಪ್ಪು ಎಂಬ ಒಕ್ಕಣೆ ಹಾಕಿತು. ‘ಆಗಲೂ ತಪ್ಪು’ ಅಂತ ಒಪ್ಪಿಕೊಂಡದ್ದು ದೊಡ್ಡ ವಿಷಯವೇ. ಆದರೆ ಒಂದೇ ಒಕ್ಕಣೆಯನ್ನು ಎಲ್ಲದಕ್ಕೂ ಅಂಟಿಸಿದರೆ, ನಮ್ಮ ಥಿಯೇಟರ್‌ಗಳಲ್ಲಿ ಬರುವ ಧೂಮಪಾನದ ಎಚ್ಚರಿಕೆಯಂತೆ, ಕಣ್ಣು ಅದನ್ನು ದಾಟಿ ಹೋಗುತ್ತದೆ. ಯಾವ ಪಾತ್ರ, ಏನು ತಪ್ಪು, ಆಗ ಯಾರು ವಿರೋಧಿಸಿದ್ದರು ಅನ್ನೋದು ಅದರಿಂದ ತಿಳಿಯಲ್ಲ.

ಜಾಕ್ವೆಲಿನ್ ಸ್ಟೀವರ್ಟ್ ಮಾಡಿದಂಥ ಪರಿಚಯ ಇವೆಲ್ಲಕ್ಕಿಂತ ಮೇಲು. ಸಿನಿಮಾ ಪೂರ್ತಿ ಉಳಿಯುತ್ತದೆ, ನಟಿಯ ಕೆಲಸ ಉಳಿಯುತ್ತದೆ, ತಕರಾರೂ ದಾಖಲಾಗುತ್ತದೆ. ಆದರೆ ಅದಕ್ಕೆ ಖರ್ಚಿದೆ, ತಿಳಿದವರು ಬೇಕು. ಸಾವಿರಾರು ಹಳೇ ಸಿನಿಮಾಗಳಿಗೆ ಕಂಪನಿಗಳು ಅಷ್ಟು ಮಾಡುತ್ತವೆ ಅಂತ ನಂಬೋದು ಕಷ್ಟ. ಗಲಾಟೆಯಾದ ಹತ್ತಾರು ಸಿನಿಮಾಗೆ ಪರಿಚಯ ಸಿಗುತ್ತದೆ, ಉಳಿದವಕ್ಕೆ ಒಕ್ಕಣೆ, ಲಾಭ ಕಡಿಮೆ ಇರುವವು ಸುಮ್ನೆ ಪಟ್ಟಿಯಿಂದ ಜಾರಿಹೋಗುತ್ತವೆ. ಡಿವಿಡಿ ಕೊಳ್ಳುವವರು ಕಡಿಮೆಯಾದ ಕಾಲದಲ್ಲಿ ಹಾಗೆ ಜಾರಿದ್ದನ್ನು ಹುಡುಕೋದೂ ಕಷ್ಟ. ಕನಿಷ್ಠ ಪಕ್ಷ, ಎಲ್ಲಿ ಕತ್ತರಿ ಹಾಕಿದ್ದೇವೆ ಅನ್ನೋದನ್ನು ಸಿನಿಮಾ ಶುರುವಾಗುವ ಮುಂಚೆ ಹೇಳಿ ಎಂದು ನೋಡುಗರು ಪಟ್ಟು ಹಿಡಿಯಬೇಕು.

ಇನ್ನೊಂದು ಗುಂಪು ಇದೆ, ಯಾವ ಕಂಪನಿಯ ತೀರ್ಮಾನಕ್ಕೂ ಸಿಗದ್ದು. ಹಕ್ಕುಸ್ವಾಮ್ಯ ಮುಗಿದ ಸಿನಿಮಾಗಳನ್ನು ಯಾರು ಬೇಕಾದರೂ ಯೂಟ್ಯೂಬ್‌ಗೆ ಹಾಕಬಹುದು, ಅವಕ್ಕೆ ಪರಿಚಯವೂ ಇರಲ್ಲ, ಎಚ್ಚರಿಕೆಯೂ ಇರಲ್ಲ. 1942ರ ‘ಜಂಗಲ್ ಬುಕ್’ ಅಮೆರಿಕದಲ್ಲಿ ಈಗ ಅಂಥ ಸಿನಿಮಾ. ಮೊಬೈಲ್‌ನಲ್ಲಿ ಮಕ್ಕಳಿಗೆ ಸುಲಭವಾಗಿ ಸಿಗುತ್ತದೆ. ಮೌಗ್ಲಿಯಾಗಿ ಸಾಬು ಇದ್ದಾರೆ. ಅವನ ತಾಯಿಯಾಗಿ ಅಮೆರಿಕದ ನಟಿ ರೋಸ್‌ಮರಿ ಡಿಕ್ಯಾಂಪ್, ಬೇಟೆಗಾರ ಬುಲ್ದೇವನಾಗಿ ಮಾಲ್ಟಾ ಮೂಲದ ಜೋಸೆಫ್ ಕ್ಯಾಲಿಯಾ, ಇಬ್ಬರೂ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಭಾರತದ ಹಳ್ಳಿಯವರಾಗಿದ್ದಾರೆ. ಮಕ್ಕಳ ಜೊತೆ ಕೂತು ನೋಡುವವರು ಇಷ್ಟನ್ನಾದರೂ ಹೇಳಿಕೊಡಬಹುದು. ಈ ಹುಡುಗನ ಹೆಸರೇನು, ಅವನು ಎಲ್ಲಿಂದ ಹೋದ, ಯುದ್ಧದಲ್ಲಿ ಏನು ಮಾಡಿದ, ಮತ್ತು ಅವನ ಸುತ್ತ ಇರುವ ಮುಖ್ಯ ಪಾತ್ರಗಳಿಗೆ ಭಾರತೀಯರನ್ನು ಏಕೆ ಹಾಕಿಕೊಳ್ಳಲಿಲ್ಲ ಅಂತ.